ಸೆಟ್‌ಆಕ್ಸೆಸಿಬಲ್ ಹಾಕಿದರೂ ಒಳಗೆ ಬಿಡುತ್ತಿಲ್ಲವೇ? ಜಾವಾ ರಿಫ್ಲೆಕ್ಷನ್‌ನ ಪ್ರವೇಶ ದೋಷಗಳನ್ನು ಪತ್ತೆ ಮಾಡುವ ಬಗೆ

ಜಾವಾ 8ರ ಮೇಲೆ ಹಲವು ವರ್ಷ ತಕರಾರಿಲ್ಲದೆ ಓಡಿದ್ದ ಒಂದು ಅಪ್ಲಿಕೇಶನ್ ಅನ್ನು ನಾವು ಜಾವಾ 17ಕ್ಕೆ ದಾಟಿಸಿದೆವು. ಅದೇ ರಾತ್ರಿ ಅದರ ಬದಲಾವಣೆ ದಾಖಲೆ ಬರೆಯುವ ಭಾಗ ಮಕಾಡೆ ಮಲಗಿತು. ಆ ಭಾಗದ ಕೆಲಸ ದೊಡ್ಡದೇನಲ್ಲ. ಯಾವ ಆಬ್ಜೆಕ್ಟ್ ಕೊಟ್ಟರೂ ರಿಫ್ಲೆಕ್ಷನ್ (ಓಡುವ ಹೊತ್ತಿನಲ್ಲಿ ಕ್ಲಾಸುಗಳ ಒಳಗನ್ನು ನೋಡುವ, ಮುಟ್ಟುವ ಸೌಲಭ್ಯ) ಮೂಲಕ ಅದರ ಫೀಲ್ಡುಗಳನ್ನೆಲ್ಲ ಎತ್ತಿಕೊಳ್ಳುವುದು, ಪ್ರೈವೇಟ್ ತಡೆಯನ್ನು ಬದಿಗಿಡಲು ಒಂದೊಂದಕ್ಕೂ ಸೆಟ್‌ಆಕ್ಸೆಸಿಬಲ್ ಹಾಕುವುದು, ಮೌಲ್ಯ ಓದಿ ಹಳೆಯದು ಏನಿತ್ತು, ಹೊಸದು ಏನಾಯಿತು ಎಂದು ಬರೆದಿಡುವುದು. ಗ್ರಾಹಕರ ದಾಖಲೆಯಲ್ಲಿ ಹುಟ್ಟಿದ ದಿನಾಂಕವೊಂದಿತ್ತು. ಕೋಡ್ ಅದರೊಳಗೂ ಇಳಿಯಲು ಹೋಯಿತು, ಅಲ್ಲೇ ಬಿತ್ತು. ಬಂದ ಸಂದೇಶದ ತಾತ್ಪರ್ಯ ಇಷ್ಟು: ಲೋಕಲ್‌ಡೇಟ್ ಕ್ಲಾಸಿನ 'ಪ್ರೈವೇಟ್ ಫೈನಲ್ ಇಂಟ್ ಇಯರ್' ಎಂಬ ಫೀಲ್ಡನ್ನು ತೆರೆಯಲಾಗದು, ಏಕೆಂದರೆ ಜಾವಾ ಬೇಸ್ ಮಾಡ್ಯೂಲ್ (ಮಾಡ್ಯೂಲ್ ಎಂದರೆ ಪ್ಯಾಕೇಜುಗಳ ಗುಂಪು) ತನ್ನ ಜಾವಾ ಟೈಮ್ ಪ್ಯಾಕೇಜನ್ನು ಹೆಸರಿಲ್ಲದ ಮಾಡ್ಯೂಲಿಗೆ, ಅಂದರೆ ನಮ್ಮ ಕೋಡಿಗೆ, 'ಓಪನ್ಸ್' ಮಾಡಿಲ್ಲ.

ಮರುದಿನ ಬೆಳಿಗ್ಗೆಯೊಳಗೆ ಆ ಕೋಡಿನಲ್ಲಿ ಆರು ಕಡೆ ಸೆಟ್‌ಆಕ್ಸೆಸಿಬಲ್ ಹೊಸದಾಗಿ ಸೇರಿತ್ತು, ಮೂರು ಕಡೆ ಎಕ್ಸೆಪ್ಷನ್ ನುಂಗುವ ಖಾಲಿ ಕ್ಯಾಚ್ ಬ್ಲಾಕ್ ಸೇರಿತ್ತು, ದೋಷ ಮಾತ್ರ ಇದ್ದಲ್ಲೇ ಇತ್ತು. ಸಂದೇಶದ ಮೊದಲರ್ಧವನ್ನು ಎಲ್ಲರೂ ಓದಿದ್ದರು. ಕಾರಣ ಹೇಳುತ್ತಿದ್ದ ಎರಡನೆಯ ಅರ್ಧವನ್ನು ಓದುವ ವ್ಯವಧಾನ ಯಾರಿಗೂ ಇರಲಿಲ್ಲ, ನನಗೂ ಇರಲಿಲ್ಲ. ಆಮೇಲಿನ ಎರಡು ವಾರಗಳಲ್ಲಿ ಅದೇ ಕೋಡ್ ಬೇರೆ ಬೇರೆ ವೇಷದಲ್ಲಿ ಕಾಡಿದಾಗ ಬರೆದುಕೊಂಡ ಟಿಪ್ಪಣಿಗಳೇ ಈ ಕೈಪಿಡಿ. ಕ್ಲಾಸು, ಮೆಥಡುಗಳ ಹೆಸರುಗಳನ್ನು ಉಚ್ಚಾರಣೆಯಂತೆ ಕನ್ನಡದಲ್ಲೇ ಬರೆದಿದ್ದೇನೆ. ಜಾವಾ ಬಲ್ಲವರಿಗೆ ಅವನ್ನು ಗುರುತಿಸುವುದು ಕಷ್ಟವಾಗದು.

ಮೊದಲು ಕೇಳಬೇಕಾದ ಪ್ರಶ್ನೆ: ಯಾವ ಬಾಗಿಲಲ್ಲಿ ನಿಂತಿದ್ದೀರಿ?

ಕ್ಲಾಸಿನ ಪ್ರೈವೇಟ್ ಸದಸ್ಯವನ್ನು (ಫೀಲ್ಡ್, ಮೆಥಡ್ ಇತ್ಯಾದಿ) ಮುಟ್ಟಲು ಹೋದರೆ ತಡೆಯುತ್ತಾರೆ, ಸೆಟ್‌ಆಕ್ಸೆಸಿಬಲ್ ಹಾಕಿದರೆ ಬಿಡುತ್ತಾರೆ ಎಂಬಷ್ಟೇ ತಿಳಿವಳಿಕೆ ಜಾವಾ 8ರ ಕಾಲಕ್ಕೆ ಸಾಕಾಗುತ್ತಿತ್ತು. ಈಗ ಸಾಲದು. ಮನೆಯೊಳಗಿನ ಕೋಣೆಗೆ ಹೋಗುವವನು ಊರಿನ ಕೋಟೆ ಬಾಗಿಲು, ಮನೆಯ ತಲೆಬಾಗಿಲು, ಕೋಣೆಯ ಬಾಗಿಲು ಎಲ್ಲವನ್ನೂ ದಾಟಬೇಕು. ಇಲ್ಲಿ ಕೋಟೆ ಎಂದರೆ ಮಾಡ್ಯೂಲ್, ಮನೆ ಎಂದರೆ ಕ್ಲಾಸ್, ಕೋಣೆ ಎಂದರೆ ಸದಸ್ಯ. ಕೋಣೆಯ ಬಾಗಿಲು ಹಾರುಹೊಡೆದಿದ್ದರೂ ತಲೆಬಾಗಿಲಿಗೆ ಅಗಳಿ ಹಾಕಿದ್ದರೆ ನೀವು ಜಗಲಿಯಲ್ಲೇ.

ಇನ್ನೊಂದು ವಿಷಯವನ್ನು ಬಹಳ ಜನ ಗಮನಿಸುವುದಿಲ್ಲ. ಈ ತಪಾಸಣೆ ಸದಸ್ಯದ ಗುಣವನ್ನಷ್ಟೇ ನೋಡುವುದಿಲ್ಲ, ಕೇಳುತ್ತಿರುವವರು ಯಾರು ಎಂಬುದನ್ನೂ ನೋಡುತ್ತದೆ. ಫೀಲ್ಡಿನ ಗೆಟ್, ಮೆಥಡಿನ ಇನ್ವೋಕ್, ಸೆಟ್‌ಆಕ್ಸೆಸಿಬಲ್ ಇವೆಲ್ಲ ತಮ್ಮನ್ನು ಕರೆದ ಕ್ಲಾಸ್ ಯಾವುದು ಎಂದು ಸ್ಟ್ಯಾಕಿನಲ್ಲಿ ನೋಡಿಯೇ ತೀರ್ಮಾನಿಸುತ್ತವೆ. ಆದ್ದರಿಂದ ಒಂದೇ ಸಾಲು ನಿಮ್ಮ ಕ್ಲಾಸಿನಲ್ಲಿ ಸರಿಯಾಗಿ ನಡೆದು, ಅದನ್ನೇ ಒಂದು ಸಹಾಯಕ ಕ್ಲಾಸಿಗೆ ಸರಿಸಿದ ಕೂಡಲೇ ಮುರಿದುಬೀಳಬಹುದು. ಕೋಡನ್ನು ಅಚ್ಚುಕಟ್ಟು ಮಾಡಲು ಹೋಗಿ ದೋಷ ತಂದುಕೊಂಡವರಲ್ಲಿ ನಾನೂ ಒಬ್ಬ.

ಎಕ್ಸೆಪ್ಷನ್ನಿನ ಹೆಸರನ್ನು ನೋಡಿದರೆ ಯಾವ ಬಾಗಿಲು ಎಂದು ಮುಕ್ಕಾಲು ಪಾಲು ಗೊತ್ತಾಗುತ್ತದೆ. ಉಳಿದ ಕಾಲು ಪಾಲಿಗೆ ಸಂದೇಶವನ್ನು ಕೊನೆಯ ಅಕ್ಷರದವರೆಗೂ ಓದಬೇಕು.

ನೋಸಚ್‌ಫೀಲ್ಡ್, ನೋಸಚ್‌ಮೆಥಡ್

ಇವು ಪ್ರವೇಶ ದೋಷಗಳೇ ಅಲ್ಲ. ನೀವಿನ್ನೂ ಬಾಗಿಲ ಹತ್ತಿರ ಬಂದಿಲ್ಲ, ವಿಳಾಸವೇ ತಪ್ಪಿದೆ. ಇಲ್ಲಿ ಸೆಟ್‌ಆಕ್ಸೆಸಿಬಲ್ ಹಾಕಲು ಕೈಯಲ್ಲಿ ಫೀಲ್ಡೇ ಇಲ್ಲ.

ಹೆಸರಿನಲ್ಲಿ ಡಿಕ್ಲೇರ್ಡ್ ಇಲ್ಲದ ಗೆಟ್‌ಫೀಲ್ಡ್, ಗೆಟ್‌ಮೆಥಡ್‌ಗಳು ಪಬ್ಲಿಕ್ ಸದಸ್ಯಗಳನ್ನು ಮಾತ್ರ ಹುಡುಕುತ್ತವೆ. ತಾಯಿ ಕ್ಲಾಸಿನಿಂದ ಬಂದ ಪಬ್ಲಿಕ್ ಸದಸ್ಯಗಳನ್ನೂ ಕೊಡುತ್ತವೆ. ಗೆಟ್‌ಡಿಕ್ಲೇರ್ಡ್‌ಫೀಲ್ಡ್ ಮತ್ತು ಅದರ ಬಳಗ ಪ್ರೈವೇಟ್ ಸೇರಿದಂತೆ ಎಲ್ಲವನ್ನೂ ಕೊಡುತ್ತವೆ, ಆದರೆ ಆ ಒಂದು ಕ್ಲಾಸಿನಲ್ಲಿ ಬರೆದಿರುವಷ್ಟನ್ನು ಮಾತ್ರ. ತಾಯಿ ಕ್ಲಾಸಿನ ಪ್ರೈವೇಟ್ ಫೀಲ್ಡನ್ನು ನೇರವಾಗಿ ಕೊಡುವ ಮೆಥಡ್ ಯಾವುದೂ ಇಲ್ಲ. ಗೆಟ್‌ಸೂಪರ್‌ಕ್ಲಾಸ್ ಹಿಡಿದು ಮೆಟ್ಟಿಲು ಮೆಟ್ಟಿಲಾಗಿ ಮೇಲೆ ಹತ್ತಬೇಕು.

ಕನ್‌ಸ್ಟ್ರಕ್ಟರ್ ವಿಷಯದಲ್ಲಿ ಒಂದು ಸೂಕ್ಷ್ಮವಿದೆ. ನೀವು ಕನ್‌ಸ್ಟ್ರಕ್ಟರ್ ಬರೆಯದಿದ್ದಾಗ ಕಂಪೈಲರ್ ತಾನೇ ಒಂದನ್ನು ಹಾಕುತ್ತದೆ; ಅದು ಪಬ್ಲಿಕ್ ಆಗಿರುತ್ತದೆ ಎಂದು ಅನೇಕರು ನಂಬಿದ್ದಾರೆ. ವಾಸ್ತವದಲ್ಲಿ ಅದು ಕ್ಲಾಸಿನ ಗೋಚರತೆಯನ್ನೇ ಪಡೆಯುತ್ತದೆ. ಕ್ಲಾಸಿನ ಮುಂದೆ ಪಬ್ಲಿಕ್ ಎಂದು ಇಲ್ಲದಿದ್ದರೆ ಕನ್‌ಸ್ಟ್ರಕ್ಟರೂ ಪ್ಯಾಕೇಜಿಗೆ ಸೀಮಿತ, ಗೆಟ್‌ಕನ್‌ಸ್ಟ್ರಕ್ಟರ್ ಅದನ್ನು ಕಾಣುವುದೇ ಇಲ್ಲ. ಸ್ಟ್ಯಾಟಿಕ್ ಅಲ್ಲದ ಒಳ ಕ್ಲಾಸಾದರೆ ಕನ್‌ಸ್ಟ್ರಕ್ಟರಿಗೆ ಹೊರ ಕ್ಲಾಸಿನ ಆಬ್ಜೆಕ್ಟ್ ಎಂಬ ಬರೆಯದ ಮೊದಲ ಪ್ಯಾರಾಮೀಟರ್ ಇರುತ್ತದೆ. ಖಾಲಿ ಕನ್‌ಸ್ಟ್ರಕ್ಟರ್ ಹುಡುಕಿದರೆ ಸಿಗದು.

ಕೋಡಿನಲ್ಲಿ ಕಣ್ಣಿಗೆ ಕಾಣುವ ಫೀಲ್ಡ್ ರಿಫ್ಲೆಕ್ಷನ್ನಿಗೆ ಕಾಣದಿರುವುದೂ ಉಂಟು. ಫೈನಲ್ ಫೀಲ್ಡನ್ನು ಬದಲಿಸಲು ಫೀಲ್ಡ್ ಕ್ಲಾಸಿನ 'ಮಾಡಿಫೈಯರ್ಸ್' ಎಂಬ ಒಳ ಫೀಲ್ಡನ್ನೇ ತಿದ್ದುವ ಹಳೆಯ ಕೈಚಳಕವೊಂದಿತ್ತು. ಜಾವಾ 12ರಿಂದ ರಿಫ್ಲೆಕ್ಷನ್‌ನ ಸ್ವಂತ ಕ್ಲಾಸುಗಳ ಫೀಲ್ಡುಗಳನ್ನು ಪಟ್ಟಿಯಿಂದಲೇ ಸೋಸಿ ತೆಗೆಯುತ್ತಾರೆ. ಹಳೆಯ ಟೆಸ್ಟ್ ಕೋಡಿನಲ್ಲಿ ಈ ಹೆಸರಿನ ನೋಸಚ್‌ಫೀಲ್ಡ್ ಬಂದರೆ ಬೇರೆ ದಾರಿ ಹುಡುಕದೆ ಆ ಕೋಡನ್ನು ತೆಗೆಯಿರಿ.

ಇಲ್ಲೀಗಲ್‌ಆಕ್ಸೆಸ್: ಮೆಥಡ್ ಪಬ್ಲಿಕ್, ಆದರೂ ತಡೆ

ನನ್ನನ್ನು ಅತಿ ಹೆಚ್ಚು ಹೊತ್ತು ಕೂರಿಸಿದ್ದು ಇದೇ. ಅರೇಸ್ ಕ್ಲಾಸಿನ ಆಸ್‌ಲಿಸ್ಟ್ ಮೆಥಡ್ ಕೊಟ್ಟ ಪಟ್ಟಿಯೊಂದಿದೆ ಎನ್ನಿ. ಆ ಆಬ್ಜೆಕ್ಟಿನ ಗೆಟ್‌ಕ್ಲಾಸ್ ಕರೆದು, ಅದರಿಂದ 'ಸೈಜ್' ಮೆಥಡನ್ನು ಪಡೆದು, ಇನ್ವೋಕ್ ಮಾಡಿ. ನಿಮ್ಮ ಕ್ಲಾಸ್ ಈ ಸದಸ್ಯವನ್ನು ಮುಟ್ಟುವಂತಿಲ್ಲ, ಅದರ ಮಾಡಿಫೈಯರ್ 'ಪಬ್ಲಿಕ್' ಎಂಬ ಸಂದೇಶ ಬರುತ್ತದೆ. ಪಬ್ಲಿಕ್ ಆಗಿರುವುದನ್ನು ಮುಟ್ಟುವಂತಿಲ್ಲ ಎಂದು ಯಂತ್ರ ಹೇಳಿದಾಗ ಮೊದಲು ಬರುವುದು ಯಂತ್ರದ ಮೇಲೆ ಅನುಮಾನ.

ದೇವರು ವರ ಕೊಟ್ಟರೂ ಪೂಜಾರಿ ಕೊಡಲಿಲ್ಲ ಎಂಬ ಗಾದೆಯನ್ನು ಇದಕ್ಕಾಗಿಯೇ ಮಾಡಿದಂತಿದೆ. ಸೈಜ್ ಮೆಥಡ್ ಪಬ್ಲಿಕ್ ಹೌದು. ಆದರೆ ಅದು ಬರೆಯಲ್ಪಟ್ಟಿರುವುದು ಅರೇಸ್ ಕ್ಲಾಸಿನ ಒಳಗಿರುವ ಒಂದು ಪ್ರೈವೇಟ್ ಕ್ಲಾಸಿನಲ್ಲಿ. ಸಂದೇಶದಲ್ಲಿ ಮಾಡಿಫೈಯರ್ ಎಂದು ತೋರಿಸುವುದು ಸದಸ್ಯದ್ದನ್ನು ಮಾತ್ರ, ತಡೆದದ್ದು ಕ್ಲಾಸ್. ಪಬ್ಲಿಕ್ ಎಂದು ತೋರಿಸಿಯೂ ತಡೆದಿದ್ದರೆ ಆ ಸದಸ್ಯವನ್ನು ಬರೆದ ಕ್ಲಾಸಿನ ಗೋಚರತೆಯನ್ನು ನೋಡಿ.

ಜಾವಾ 8ರಲ್ಲಿ ಇದಕ್ಕೂ ಸೆಟ್‌ಆಕ್ಸೆಸಿಬಲ್ ಹಾಕಿ ಪಾರಾಗಬಹುದಿತ್ತು. ಈಗ ಅದನ್ನು ಹಾಕಿದರೆ ಒಂದು ಬಾಗಿಲಿನಿಂದ ಇನ್ನೊಂದು ಬಾಗಿಲಿಗೆ ಹೋಗಿ ನಿಲ್ಲುತ್ತೀರಿ, ಮಾಡ್ಯೂಲಿನ ತಡೆ ಎದುರಾಗುತ್ತದೆ. ಸರಿಯಾದ ಪರಿಹಾರ ಬಹಳ ಸುಲಭ: ಮೆಥಡನ್ನು ಆಬ್ಜೆಕ್ಟಿನ ಕ್ಲಾಸಿನಿಂದ ಕೇಳಬೇಡಿ, ಲಿಸ್ಟ್ ಇಂಟರ್‌ಫೇಸಿನಿಂದ ಕೇಳಿ. ಇಂಟರ್‌ಫೇಸ್ ಪಬ್ಲಿಕ್, ಅದರ ಪ್ಯಾಕೇಜ್ ಎಲ್ಲರಿಗೂ ಮುಕ್ತ, ಯಾವ ಬಾಗಿಲೂ ಅಡ್ಡಬರದು. ಓಡುವುದು ಅದೇ ಒಳ ಕ್ಲಾಸಿನ ಕೋಡೇ. ಆಬ್ಜೆಕ್ಟಿನ ಕ್ಲಾಸ್ ಯಾವುದೆಂದು ಮೊದಲೇ ಗೊತ್ತಿಲ್ಲದಿದ್ದರೆ, ಅದರ ಇಂಟರ್‌ಫೇಸುಗಳನ್ನೂ ತಾಯಿ ಕ್ಲಾಸುಗಳನ್ನೂ ಸುತ್ತಿ, ಅದೇ ಹೆಸರು ಮತ್ತು ಅದೇ ಪ್ಯಾರಾಮೀಟರುಗಳಿರುವ ಮೆಥಡನ್ನು ಪಬ್ಲಿಕ್ ಆದ ಕಡೆಯಿಂದ ಆಯ್ದುಕೊಳ್ಳುವ ಇಪ್ಪತ್ತು ಸಾಲಿನ ಸಹಾಯಕ ಮೆಥಡ್ ಬರೆದಿಟ್ಟುಕೊಳ್ಳಿ. ನಮ್ಮ ಅರ್ಧದಷ್ಟು ದೋಷಗಳು ಇದರಿಂದಲೇ ಹೋದವು.

ಮಾಡಿಫೈಯರ್ ಎಂಬಲ್ಲಿ ಉದ್ಧರಣ ಚಿಹ್ನೆಗಳ ನಡುವೆ ಏನೂ ಇಲ್ಲದೆ ಖಾಲಿ ಇದ್ದರೆ ಅದು ಮುದ್ರಣ ದೋಷವಲ್ಲ. ಸದಸ್ಯ ಪ್ಯಾಕೇಜಿಗೆ ಸೀಮಿತ ಎಂದು ಅರ್ಥ. 'ಪ್ರೊಟೆಕ್ಟೆಡ್' ಎಂದಿದ್ದರೆ, ನೀವು ಮಗಳು ಕ್ಲಾಸ್ ಆಗಿದ್ದರೆ ಮಾತ್ರ ಸಾಲದು. ಪ್ಯಾಕೇಜ್ ಬೇರೆಯಾಗಿದ್ದಾಗ, ಯಾವ ಆಬ್ಜೆಕ್ಟಿನ ಮೇಲೆ ಕರೆಯುತ್ತೀರೋ ಅದೂ ನಿಮ್ಮ ಕ್ಲಾಸಿನದೋ ನಿಮ್ಮಿಂದ ಇಳಿದ ಕ್ಲಾಸಿನದೋ ಆಗಿರಬೇಕು. ಆಬ್ಜೆಕ್ಟ್ ಕ್ಲಾಸಿನ 'ಕ್ಲೋನ್' ಮೆಥಡನ್ನು ಹಿಡಿದು ಕಂಡವರ ಮೇಲೆಲ್ಲ ಕರೆಯಲು ಹೋದವರು ಇಲ್ಲಿಯೇ ಎಡವುತ್ತಾರೆ.

ಒಳ ಕ್ಲಾಸಿನಿಂದ ಹೊರ ಕ್ಲಾಸಿನ ಪ್ರೈವೇಟ್ ಸದಸ್ಯವನ್ನು ರಿಫ್ಲೆಕ್ಷನ್ ಮೂಲಕ ಮುಟ್ಟುವ ಕೋಡ್ ಒಂದು ಕಂಪ್ಯೂಟರಿನಲ್ಲಿ ನಡೆದು ಇನ್ನೊಂದರಲ್ಲಿ ಬೀಳುತ್ತಿದ್ದರೆ ಎರಡರ ಜಾವಾ ಆವೃತ್ತಿ ನೋಡಿ. 2018ರ ಜಾವಾ 11ಕ್ಕಿಂತ ಮೊದಲು ವರ್ಚುವಲ್ ಮಷಿನ್ನಿಗೆ ಒಳ ಕ್ಲಾಸ್ ಎಂದರೆ ಬೇರೊಂದು ಕ್ಲಾಸ್ ಅಷ್ಟೇ. ಭಾಷೆ ಕೊಟ್ಟ ಮಾತನ್ನು ಉಳಿಸಲು ಕಂಪೈಲರ್ ಗುಟ್ಟಾಗಿ ಸೇತುವೆ ಮೆಥಡುಗಳನ್ನು ಹುಟ್ಟಿಸುತ್ತಿತ್ತು. ರಿಫ್ಲೆಕ್ಷನ್ನಿಗೆ ಆ ಗುಟ್ಟು ತಿಳಿದಿರಲಿಲ್ಲ, ಹಾಗಾಗಿ ಅದು ತಡೆಯುತ್ತಿತ್ತು. ಜಾವಾ 11ರಲ್ಲಿ ನೆಸ್ಟ್‌ಮೇಟ್ ಎಂಬ ಏರ್ಪಾಡು ಬಂದು, ಒಂದೇ ಗೂಡಿನ ಕ್ಲಾಸುಗಳು ಪರಸ್ಪರ ಪ್ರೈವೇಟ್ ಸದಸ್ಯಗಳನ್ನು ಮುಟ್ಟಬಹುದೆಂದು ವರ್ಚುವಲ್ ಮಷಿನ್ನೇ ಒಪ್ಪಿಕೊಂಡಿತು, ರಿಫ್ಲೆಕ್ಷನ್ನೂ ಒಪ್ಪಿತು.

ಸೆಟ್‌ಆಕ್ಸೆಸಿಬಲ್ ಹಾಕಿಯೂ ಇದೇ ಎಕ್ಸೆಪ್ಷನ್ ಬರುತ್ತಿದೆಯೇ? ಹಾಗಾದರೆ ಯಾವ ಪ್ರತಿಯ ಮೇಲೆ ಹಾಕಿದ್ದೀರಿ ಎಂದು ನೋಡಿ. ಗೆಟ್‌ಡಿಕ್ಲೇರ್ಡ್‌ಫೀಲ್ಡ್ ಪ್ರತಿ ಸಲವೂ ಹೊಸ ಫೀಲ್ಡ್ ಆಬ್ಜೆಕ್ಟನ್ನು ಕೊಡುತ್ತದೆ. ಅನುಮತಿಯ ಗುರುತು ಅಂಟುವುದು ನಿಮ್ಮ ಕೈಯಲ್ಲಿರುವ ಪ್ರತಿಗೆ. ಕ್ಲಾಸಿನೊಳಗಿನ ನಿಜವಾದ ಫೀಲ್ಡು ಮೊದಲಿದ್ದಂತೆಯೇ ಇರುತ್ತದೆ. ನಮ್ಮಲ್ಲಿ ಒಬ್ಬರು ಕಾರ್ಯಕ್ರಮ ಶುರುವಾಗುವಾಗ ಎಲ್ಲ ಫೀಲ್ಡುಗಳನ್ನೂ 'ತೆರೆದಿಡುವ' ಒಂದು ಲೂಪ್ ಬರೆದಿದ್ದರು, ಬೇಕಾದಾಗ ಮತ್ತೆ ಹೆಸರಿನಿಂದ ಫೀಲ್ಡ್ ಪಡೆಯುತ್ತಿದ್ದರು. ಆ ಲೂಪ್ ತೆರೆದ ಪ್ರತಿಗಳೆಲ್ಲ ಕಸದ ಬುಟ್ಟಿಗೆ ಹೋಗುತ್ತಿದ್ದವು. ತೆರೆದ ಪ್ರತಿಯನ್ನು ಮ್ಯಾಪಿನಲ್ಲಿ ಇಟ್ಟುಕೊಂಡು ಅದನ್ನೇ ಬಳಸಬೇಕು.

ಇನ್‌ಆಕ್ಸೆಸಿಬಲ್‌ಆಬ್ಜೆಕ್ಟ್: ಕೋಟೆ ಬಾಗಿಲು

ಈಗ ಆ ರಾತ್ರಿಯ ದೋಷಕ್ಕೆ ಬರೋಣ. ಈ ಎಕ್ಸೆಪ್ಷನ್ ಹುಟ್ಟಿದ್ದು 2017ರಲ್ಲಿ, ಮಾಡ್ಯೂಲುಗಳನ್ನು ತಂದ ಜಾವಾ 9ರ ಜೊತೆಗೆ. ಇದರ ಎರಡು ಗುಣ ನೆನಪಿಡಬೇಕು. ಇದು ಗೆಟ್ ಅಥವಾ ಇನ್ವೋಕ್ ಸಾಲಿನಲ್ಲಿ ಬರುವುದಿಲ್ಲ, ಸೆಟ್‌ಆಕ್ಸೆಸಿಬಲ್ ಸಾಲಿನಲ್ಲೇ ಬರುತ್ತದೆ. ಜೊತೆಗೆ ಇದು ರನ್‌ಟೈಮ್‌ಎಕ್ಸೆಪ್ಷನ್ನಿನ ಮಗು. ಹಳೆಯ ಕೋಡಿನಲ್ಲಿ ಎಲ್ಲೆಡೆ ಇರುವುದು ಇಲ್ಲೀಗಲ್‌ಆಕ್ಸೆಸ್ ಹಿಡಿಯುವ ಕ್ಯಾಚ್. ಆ ಬಲೆಗೆ ಇದು ಬೀಳುವುದಿಲ್ಲ. ನಮ್ಮ ದಾಖಲೆ ಬರೆಯುವ ಭಾಗ ತಾನೊಂದೇ ಬೀಳದೆ ಇಡೀ ವಹಿವಾಟನ್ನೂ ಜೊತೆಗೆ ಎಳೆದುಕೊಂಡು ಬಿದ್ದದ್ದು ಇದರಿಂದಲೇ.

ಎಚ್ಚರಿಕೆ ಮೊದಲೇ ಸಿಕ್ಕಿರಲಿಲ್ಲವೇ ಎಂದು ಕೇಳಬಹುದು. ಜಾವಾ 9ರಿಂದ 15ರವರೆಗೆ, ಹಳೆಯ ಕೋಡ್ ಮುರಿಯದಿರಲಿ ಎಂದು ಜಾವಾ 8ರಲ್ಲಿದ್ದ ಪ್ಯಾಕೇಜುಗಳನ್ನೆಲ್ಲ ತೆರೆದೇ ಇಟ್ಟು, ಮೊದಲ ಅಕ್ರಮ ಪ್ರವೇಶಕ್ಕೆ ಮಾತ್ರ ಒಂದು ಎಚ್ಚರಿಕೆ ಸಾಲು ಮುದ್ರಿಸುತ್ತಿದ್ದರು. ಒಂದೇ ಸಲ! ಆ ಸಾಲು ಲಾಗಿನ ಆರಂಭದಲ್ಲೆಲ್ಲೋ ಹುದುಗಿ ಹೋಗುತ್ತಿತ್ತು. 2021ರ ಮಾರ್ಚಿನಲ್ಲಿ ಬಂದ ಜಾವಾ 16 ತಡೆಯುವುದನ್ನೇ ರೂಢಿ ಮಾಡಿತು. ಅದೇ ವರ್ಷದ ಸೆಪ್ಟೆಂಬರಿನ ಜಾವಾ 17 ಹಳೆಯ ರೂಢಿಗೆ ಮರಳುವ ಇಲ್ಲೀಗಲ್-ಆಕ್ಸೆಸ್ ಆಯ್ಕೆಯನ್ನೂ ನಿಷ್ಕ್ರಿಯಗೊಳಿಸಿತು. 8ರಿಂದ ನೇರ 17ಕ್ಕೆ ಜಿಗಿದ ನಮ್ಮಂಥವರಿಗೆ ಆ ಒಂದು ಎಚ್ಚರಿಕೆ ಸಾಲಿನ ಭಾಗ್ಯವೂ ಇರಲಿಲ್ಲ.

ನಿಯಮ ಹೀಗಿದೆ. ಕರೆಯುವವರೂ ಸದಸ್ಯವೂ ಒಂದೇ ಮಾಡ್ಯೂಲಿನಲ್ಲಿದ್ದರೆ ಸೆಟ್‌ಆಕ್ಸೆಸಿಬಲ್ ಯಾವಾಗಲೂ ಒಪ್ಪುತ್ತದೆ. ಬೇರೆ ಮಾಡ್ಯೂಲಾದರೆ, ಪಬ್ಲಿಕ್ ಕ್ಲಾಸಿನ ಪಬ್ಲಿಕ್ ಸದಸ್ಯಕ್ಕೆ ಆ ಪ್ಯಾಕೇಜ್ 'ಎಕ್ಸ್‌ಪೋರ್ಟ್ಸ್' ಆಗಿದ್ದರೆ ಸಾಕು. ಪ್ರೈವೇಟ್ ಆದ ಯಾವುದಕ್ಕೂ 'ಓಪನ್ಸ್' ಆಗಿರಲೇಬೇಕು. ಕ್ಲಾಸ್‌ಪಾತ್ ಮೇಲಿರುವ ಕೋಡೆಲ್ಲ ಹೆಸರಿಲ್ಲದ ಮಾಡ್ಯೂಲಿಗೆ ಸೇರುತ್ತದೆ, ಅಲ್ಲಿ ಬಾಗಿಲುಗಳೆಲ್ಲ ತೆರೆದೇ ಇರುತ್ತವೆ. ನಿಮ್ಮ ಸ್ವಂತ ಕ್ಲಾಸುಗಳ ಮೇಲೆ ರಿಫ್ಲೆಕ್ಷನ್ ಸಲೀಸಾಗಿ ನಡೆದು, ಜಾವಾದ ಸ್ವಂತ ಕ್ಲಾಸುಗಳ ಮೇಲೆ ಬೀಳುವುದಕ್ಕೆ ಕಾರಣ ಇಷ್ಟೇ.

ಸಂದೇಶದಲ್ಲಿ ಯಾವ ಕ್ರಿಯಾಪದವಿದೆ ಎಂಬುದನ್ನು ನೋಡಿಯೇ ಮದ್ದು ಆರಿಸಬೇಕು. 'ಓಪನ್ಸ್ ಮಾಡಿಲ್ಲ' ಎಂದರೆ ಆಡ್-ಓಪನ್ಸ್, ಅಂದರೆ ಆ ಪ್ಯಾಕೇಜನ್ನು ತೆರೆಯುವಂತೆ ಜಾವಾ ಓಡಿಸುವಾಗ ಕೊಡುವ ಆಯ್ಕೆ. 'ಎಕ್ಸ್‌ಪೋರ್ಟ್ ಮಾಡಿಲ್ಲ' ಎಂದರೆ ಆಡ್-ಎಕ್ಸ್‌ಪೋರ್ಟ್ಸ್ ಸಾಕು. ಎರಡನೆಯದು ಇಲ್ಲೀಗಲ್‌ಆಕ್ಸೆಸ್ ರೂಪದಲ್ಲೂ ಬರುತ್ತದೆ, ಒಳ ಪ್ಯಾಕೇಜಿನ ಪಬ್ಲಿಕ್ ಕ್ಲಾಸೊಂದರ ಮೆಥಡನ್ನು ನೇರವಾಗಿ ಇನ್ವೋಕ್ ಮಾಡಿದಾಗ. ಸಂದೇಶದ ಕೊನೆಯಲ್ಲಿ ಯಾರಿಗೆ ತೆರೆದಿಲ್ಲ ಎಂಬ ಹೆಸರೂ ಇರುತ್ತದೆ. ಸ್ವಂತ ಅಪ್ಲಿಕೇಶನ್ನನ್ನೇ ಮಾಡ್ಯೂಲ್ ಮಾಡಿಕೊಂಡವರು ಇದನ್ನು ಎರಡು ಸಲ ಓದಬೇಕು. ದತ್ತಾಂಶವನ್ನು ಆಬ್ಜೆಕ್ಟಾಗಿ ಬದಲಿಸುವ ಜಾಕ್ಸನ್ ಲೈಬ್ರರಿ ಬಳಸುವವರು ತಮ್ಮ ಪ್ಯಾಕೇಜನ್ನು ಅದರ ಕೋರ್ ಮಾಡ್ಯೂಲಿಗೆ ತೆರೆದು, ಆದರೂ ಆಗುತ್ತಿಲ್ಲವಲ್ಲ ಎಂದು ತಲೆ ಚಚ್ಚಿಕೊಳ್ಳುತ್ತಾರೆ. ಸೆಟ್‌ಆಕ್ಸೆಸಿಬಲ್ ಕರೆಯುವುದು ಡೇಟಾಬೈಂಡ್ ಮಾಡ್ಯೂಲ್, ಆದ್ದರಿಂದ ಅದಕ್ಕೇ ತೆರೆಯಬೇಕು.

ಆಡ್-ಓಪನ್ಸ್ ಕೊಟ್ಟರೂ ಕೇಳುತ್ತಿಲ್ಲ

ನನ್ನ ಯಂತ್ರದಲ್ಲಿ ಸರಿಯಾಗಿದೆ, ಸರ್ವರಿನಲ್ಲಿ ಇಲ್ಲ ಎಂಬ ಹಳೆಯ ಹಾಡು ಇಲ್ಲಿಂದ ಶುರುವಾಗುತ್ತದೆ. ಊಹಿಸುತ್ತ ಕೂರುವುದಕ್ಕಿಂತ ಓಡುತ್ತಿರುವ ಪ್ರಕ್ರಿಯೆಯನ್ನೇ ಕೇಳುವುದು ಒಳ್ಳೆಯದು. ಜೆಸಿಎಂಡಿ ಉಪಕರಣಕ್ಕೆ ಪ್ರಕ್ರಿಯೆಯ ಸಂಖ್ಯೆ ಕೊಟ್ಟು ವಿಎಂ ಕಮಾಂಡ್‌ಲೈನ್ ಎಂಬ ಆದೇಶ ಕೊಡಿ. ಅದಕ್ಕೆ ನಿಜವಾಗಿ ತಲುಪಿದ ಆಯ್ಕೆಗಳೆಲ್ಲ ಎದುರಿಗೆ ಬರುತ್ತವೆ. ನಮ್ಮಲ್ಲಿ ಅದು ತಲುಪಿಯೇ ಇರಲಿಲ್ಲ. ಆಯ್ಕೆಯನ್ನು ಜಾರ್ ಫೈಲಿನ ಹೆಸರಿನ ನಂತರ ಬರೆದಿದ್ದೆವು. ಅಲ್ಲಿ ಬರೆದದ್ದೆಲ್ಲ ಕಾರ್ಯಕ್ರಮದ ಆರ್ಗ್ಯುಮೆಂಟ್ ಆಗುತ್ತದೆ; ವರ್ಚುವಲ್ ಮಷಿನ್ ಅದನ್ನು ಕಣ್ಣೆತ್ತಿಯೂ ನೋಡುವುದಿಲ್ಲ. ಅರ್ಧ ದಿನ ಬೆಟ್ಟ ಅಗೆದು ಹಿಡಿದ ಇಲಿ ಇದು.

ತಲುಪಿದ್ದರೂ ಕೆಲಸ ಮಾಡದಿದ್ದರೆ ಪ್ಯಾಕೇಜಿನ ಹೆಸರು ನೋಡಿ. ಜಾವಾ ಯುಟಿಲ್ ತೆರೆದರೆ ಅದರ ಕೆಳಗಿನ ಕನ್‌ಕರೆಂಟ್ ತೆರೆಯುವುದಿಲ್ಲ. ಹೆಸರಿನಲ್ಲಿ ಚುಕ್ಕೆಯಿಂದ ತಾಯಿ ಮಗುವಿನಂತೆ ಕಂಡರೂ ಜಾವಾಕ್ಕೆ ಅವು ಸಂಬಂಧವೇ ಇಲ್ಲದ ಎರಡು ಪ್ಯಾಕೇಜುಗಳು. ಕಾಗುಣಿತ ತಪ್ಪಿದರೆ ಅಂಥ ಪ್ಯಾಕೇಜಿಲ್ಲ ಎಂದು ಒಂದು ಎಚ್ಚರಿಕೆ ಮುದ್ರಿಸಿ ಮುಂದೆ ಹೋಗುತ್ತದೆ, ನಿಲ್ಲುವುದಿಲ್ಲ.

ಟೆಸ್ಟುಗಳು ಮಾತ್ರ ಬೀಳುತ್ತಿವೆ ಎಂದರೆ, ಬಿಲ್ಡ್ ಉಪಕರಣವಾದ ಮೇವನ್‌ನಲ್ಲಿ ಟೆಸ್ಟ್ ಓಡಿಸುವ ಭಾಗವಾದ ಶ್ಯೂರ್‌ಫೈರ್ ಟೆಸ್ಟುಗಳಿಗಾಗಿ ಬೇರೆಯದೇ ಪ್ರಕ್ರಿಯೆ ಹುಟ್ಟಿಸುತ್ತದೆ ಎಂಬುದು ನೆನಪಿರಲಿ. ಆಯ್ಕೆಯನ್ನು ಅದರ ಆರ್ಗ್‌ಲೈನ್‌ನಲ್ಲಿ ಕೊಡಬೇಕು. ಗ್ರೇಡಲ್ ಬಳಸುವವರು ಟೆಸ್ಟ್ ಟಾಸ್ಕಿನ ಜೆವಿಎಂ ಆರ್ಗ್ಯುಮೆಂಟುಗಳಲ್ಲಿ ಕೊಡಬೇಕು. ಕಂಪೈಲರಿಗೆ ಆಡ್-ಓಪನ್ಸ್ ಕೊಟ್ಟು ಪ್ರಯೋಜನವಿಲ್ಲ, ಅದು ಓಡುವ ಹೊತ್ತಿನ ಸಂಗತಿ. ಸ್ವತಂತ್ರವಾಗಿ ಓಡುವ ಜಾರ್ ಆದರೆ ಅದರೊಳಗಿನ ವಿವರ ಫೈಲಾದ ಮ್ಯಾನಿಫೆಸ್ಟಿನಲ್ಲೂ ಆಡ್-ಓಪನ್ಸ್ ಸಾಲು ಬರೆಯಬಹುದು, ಆದರೆ ಅದು ನಡೆಯುವುದು ನೇರವಾಗಿ ಓಡಿಸುವ ಮುಖ್ಯ ಜಾರಿನಲ್ಲಿ ಮಾತ್ರ. ಲೈಬ್ರರಿಯ ಜಾರಿನಲ್ಲಿ ಬರೆದಿಟ್ಟರೆ ಯಾರೂ ಓದುವುದಿಲ್ಲ. ಲೈಬ್ರರಿಯೇ ತನಗೆ ತಾನು ಕೀಲಿಕೈ ಮಾಡಿಕೊಳ್ಳುವಂತಿದ್ದರೆ ಕೋಟೆ ಕಟ್ಟಿದ್ದೇಕೆ?

ಯಾವ ಯಾವ ಪ್ಯಾಕೇಜ್ ತೆರೆಯಬೇಕಾದೀತು ಎಂದು ಮೊದಲೇ ತಿಳಿಯಲು ಜೆಡೆಪ್ಸ್ ಉಪಕರಣ ಓಡಿಸುವವರಿದ್ದಾರೆ. ಅದು ಕ್ಲಾಸ್ ಫೈಲಿನಲ್ಲಿ ನೇರವಾಗಿ ಕಾಣುವ ಅವಲಂಬನೆಗಳನ್ನು ಹುಡುಕುತ್ತದೆ. ರಿಫ್ಲೆಕ್ಷನ್ ಮೂಲಕ ಹೆಸರಿನಿಂದ ಹೋದದ್ದು ಅದಕ್ಕೆ ಕಾಣದು. ಅದು ಶುದ್ಧ ಎಂದು ವರದಿ ಕೊಟ್ಟ ಅಪ್ಲಿಕೇಶನ್ನೇ ಆ ರಾತ್ರಿ ನಮ್ಮಲ್ಲಿ ಬಿದ್ದದ್ದು.

ಒಳಗೆ ಬಿಟ್ಟರು, ಬರೆಯಲು ಬಿಡುತ್ತಿಲ್ಲ

ಓದಲು ಬರುವ ಫೀಲ್ಡಿಗೆ ಬರೆಯಲು ಹೋದಾಗ, ಫೈನಲ್ ಫೀಲ್ಡನ್ನು ಬದಲಿಸಲಾಗದು ಎಂಬ ಇಲ್ಲೀಗಲ್‌ಆಕ್ಸೆಸ್ ಬರಬಹುದು. ಸ್ಟ್ಯಾಟಿಕ್ ಫೈನಲ್ ಆಗಿದ್ದರೆ ಸೆಟ್‌ಆಕ್ಸೆಸಿಬಲ್‌ಗೂ ಅದು ಜಗ್ಗದು. ರೆಕಾರ್ಡ್ (ಕಟ್ಟಿದ ಮೇಲೆ ಫೀಲ್ಡುಗಳು ಬದಲಾಗದ ಬಗೆಯ ಕ್ಲಾಸ್) ಫೀಲ್ಡುಗಳೂ ಹಾಗೆಯೇ; ಸೆಟ್‌ಆಕ್ಸೆಸಿಬಲ್ ಸದ್ದಿಲ್ಲದೆ ಒಪ್ಪುತ್ತದೆ, ಓದಲೂ ಬರುತ್ತದೆ, ಬರೆಯುವ ಸಾಲಿನಲ್ಲಿ ಮಾತ್ರ ತಡೆ. ನಮ್ಮ ತಂಡ ಕೆಲವು ಕ್ಲಾಸುಗಳನ್ನು ರೆಕಾರ್ಡಿಗೆ ಬದಲಿಸಿದಾಗ ಹಳೆಯ ಸ್ಥಿತಿಯನ್ನು ಮರಳಿಸುವ ಕೋಡ್ ಹೀಗೆ ಮುರಿಯಿತು. ರೆಕಾರ್ಡಿಗೆ ಕನ್‌ಸ್ಟ್ರಕ್ಟರ್ ಒಂದೇ ದಾರಿ. ಹೊಸದನ್ನು ಕಟ್ಟಿ ಹಳೆಯದನ್ನು ಬಿಡಬೇಕು.

ಇದಕ್ಕಿಂತ ಕಪಟಿಯಾದದ್ದು ಎಕ್ಸೆಪ್ಷನ್ನೇ ಇಲ್ಲದ ದೋಷ. ಸಾಮಾನ್ಯ ಕ್ಲಾಸಿನಲ್ಲಿ 'ಪ್ರೈವೇಟ್ ಫೈನಲ್ ಇಂಟ್ ಮಿತಿ = 5' ಎಂದಿದೆ ಎನ್ನಿ. ಅದನ್ನು ತೆರೆದು 10 ಎಂದು ಬರೆಯುತ್ತೀರಿ, ರಿಫ್ಲೆಕ್ಷನ್ ಮೂಲಕ ಓದಿದರೆ 10 ಎಂದೇ ಕಾಣುತ್ತದೆ. ಆದರೆ ಆ ಮಿತಿಯನ್ನು ಬಳಸುವ ಮೆಥಡ್ ಇನ್ನೂ 5 ಎಂದೇ ನಡೆದುಕೊಳ್ಳುತ್ತದೆ. ಕಂಪೈಲರ್ ಈ ಫೈನಲ್ ಸಂಖ್ಯೆಯನ್ನು ಬಳಸಿದ ಜಾಗದಲ್ಲೆಲ್ಲ ನೇರವಾಗಿ ಅಚ್ಚೊತ್ತಿಬಿಟ್ಟಿದೆ, ಫೀಲ್ಡನ್ನು ಯಾರೂ ತಿರುಗಿ ನೋಡುವುದಿಲ್ಲ. ಸ್ಟ್ರಿಂಗ್ ಸ್ಥಿರಾಂಕಗಳದ್ದೂ ಇದೇ ಕಥೆ.

ಇನ್ವೊಕೇಶನ್‌ಟಾರ್ಗೆಟ್

ಇದು ಬಂದರೆ ಪ್ರವೇಶದ ತಪಾಸಣೆಯಲ್ಲಿ ನೀವು ಪಾಸಾಗಿದ್ದೀರಿ. ಮೆಥಡ್ ಓಡಿದೆ, ಓಡಿ ಒಳಗೇ ಬಿದ್ದಿದೆ. ಗೆಟ್‌ಕಾಸ್ ಕರೆದು ಒಳಗಿನ ಕಾರಣ ನೋಡಿ, ಹೊರಗಿನ ಹೊದಿಕೆ ನೋಡಿ ಕಾಲ ಕಳೆಯಬೇಡಿ.

ಆ ಕಾರಣ ನಲ್‌ಪಾಯಿಂಟರ್ ಆಗಿದ್ದು, ಆಬ್ಜೆಕ್ಟ್ ಸ್ಪ್ರಿಂಗ್‌ನಂಥ ಚೌಕಟ್ಟಿನಿಂದ ಬಂದಿದ್ದರೆ ಅದು ಮೂಲ ಆಬ್ಜೆಕ್ಟೇ ಅಥವಾ ಅದರ ಪರವಾಗಿ ನಿಂತ ಪ್ರಾಕ್ಸಿಯೇ ಎಂದು ಅನುಮಾನಿಸಿ. ಸಿಜಿಲಿಬ್ ಮಾದರಿಯ ಪ್ರಾಕ್ಸಿ ನಿಮ್ಮ ಕ್ಲಾಸಿನ ಮಗಳು ಕ್ಲಾಸ್. ಪಬ್ಲಿಕ್ ಮೆಥಡ್ ಕರೆದರೆ ಅದು ಮೂಲ ಆಬ್ಜೆಕ್ಟಿಗೆ ದಾಟಿಸುತ್ತದೆ. ಪ್ರೈವೇಟ್ ಮೆಥಡನ್ನು ಅದು ಮರುಬರೆಯಲಾರದು, ಹಾಗಾಗಿ ರಿಫ್ಲೆಕ್ಷನ್ ಮೂಲಕ ಕರೆದರೆ ಪ್ರಾಕ್ಸಿಯ ಮೇಲೆಯೇ ಓಡುತ್ತದೆ, ಅಲ್ಲಿ ಫೀಲ್ಡುಗಳೆಲ್ಲ ಖಾಲಿ. ಪ್ರೈವೇಟ್ ಮೆಥಡನ್ನು ಪರೀಕ್ಷಿಸಲೇಬೇಕೆಂಬ ಹಟದಿಂದ ಬರೆದ ಟೆಸ್ಟುಗಳಲ್ಲಿ ಇದನ್ನು ಪದೇ ಪದೇ ಕಂಡಿದ್ದೇನೆ. ಆ ಹಟದ ಬಗ್ಗೆ ನನ್ನ ಅಭಿಪ್ರಾಯ ಬೇರೆ, ಈಗ ಬೇಡ.

ಬೇರೆ ಭಾಷೆಗಳಿಂದ ಬಂದವರ ನಿರೀಕ್ಷೆಗಳೂ ಬೇರೆ. ಪಿಎಚ್‌ಪಿ 8.1ರಿಂದ ಸೆಟ್‌ಆಕ್ಸೆಸಿಬಲ್ ಕರೆದರೂ ಒಂದೇ, ಬಿಟ್ಟರೂ ಒಂದೇ. ರಿಫ್ಲೆಕ್ಷನ್ನಿಗೆ ಪ್ರೈವೇಟ್ ಸದಸ್ಯ ಮೊದಲೇ ತೆರೆದಿರುತ್ತದೆ. ಸಿ ಶಾರ್ಪ್‌ನಲ್ಲಿ ಎಡವುವುದು ಹುಡುಕುವ ಹಂತದಲ್ಲಿ: ಬೈಂಡಿಂಗ್‌ಫ್ಲ್ಯಾಗ್ಸ್‌ನಲ್ಲಿ ನಾನ್‌ಪಬ್ಲಿಕ್ ಎಂದಷ್ಟೇ ಕೊಟ್ಟು, ಇನ್‌ಸ್ಟೆನ್ಸ್ ಅಥವಾ ಸ್ಟ್ಯಾಟಿಕ್ ಎಂದು ಕೊಡದಿದ್ದರೆ ಗೆಟ್‌ಫೀಲ್ಡ್ ಎಕ್ಸೆಪ್ಷನ್ ಎಸೆಯದೆ ನಲ್ ಕೊಟ್ಟು ಸುಮ್ಮನಾಗುತ್ತದೆ.

ನಮ್ಮ ಕೋಡಿಗೆ ಕೊನೆಗೆ ಏನು ಮಾಡಿದೆವು

ಮೊದಲು ಒಂದು ಸಣ್ಣ ತಪಾಸಣಾ ಮೆಥಡ್ ಬರೆದೆವು. ಸದಸ್ಯವನ್ನು ಕೊಟ್ಟರೆ, ಅದನ್ನು ಬರೆದ ಕ್ಲಾಸ್, ಆ ಕ್ಲಾಸಿನ ಮಾಡಿಫೈಯರುಗಳು, ಗೆಟ್‌ಮಾಡ್ಯೂಲ್ ಕೊಡುವ ಹೆಸರು, ಆ ಮಾಡ್ಯೂಲ್ ಆ ಪ್ಯಾಕೇಜನ್ನು ನಮಗೆ ತೆರೆದಿದೆಯೇ ಎಂಬ ಈಸ್‌ಓಪನ್ ಉತ್ತರ, ಕೊನೆಗೆ ಕ್ಯಾನ್‌ಆಕ್ಸೆಸ್ ಉತ್ತರ, ಇಷ್ಟನ್ನೂ ಒಂದೇ ಸಾಲಿನಲ್ಲಿ ಮುದ್ರಿಸುತ್ತದೆ. ಕ್ಯಾನ್‌ಆಕ್ಸೆಸ್‌ಗೆ ಸ್ಟ್ಯಾಟಿಕ್ ಸದಸ್ಯಗಳಾದರೆ ನಲ್ ಕೊಡಬೇಕು, ಆಬ್ಜೆಕ್ಟ್ ಕೊಟ್ಟರೆ ಬೇರೊಂದು ಎಕ್ಸೆಪ್ಷನ್ ಎಸೆಯುತ್ತದೆ. ಹಳೆಯ ಈಸ್‌ಆಕ್ಸೆಸಿಬಲ್ ಅನ್ನು ನಂಬಬೇಡಿ. ಅದು ಗುರುತು ಅಂಟಿದೆಯೇ ಎಂದಷ್ಟೇ ಹೇಳುತ್ತದೆ, ಪಬ್ಲಿಕ್ ಸದಸ್ಯಕ್ಕೂ ಇಲ್ಲ ಎನ್ನಬಹುದು. ತಪಾಸಣೆ ಮೆಥಡನ್ನು ದೋಷ ಬಂದ ಕ್ಲಾಸಿನಲ್ಲಿಯೇ ಇಡಿ. ಕೇಳುವವರು ಬದಲಾದರೆ ಉತ್ತರ ಬದಲಾಗುತ್ತದೆ ಎಂದು ಮೇಲೆ ಹೇಳಿದ್ದೇನೆ.

ನಂತರ ಸೆಟ್‌ಆಕ್ಸೆಸಿಬಲ್ ಇದ್ದ ಕಡೆಯೆಲ್ಲ ಟ್ರೈಸೆಟ್‌ಆಕ್ಸೆಸಿಬಲ್ ಹಾಕಿದೆವು. ಬಾಗಿಲು ಮುಚ್ಚಿದ್ದರೆ ಅದು ಎಕ್ಸೆಪ್ಷನ್ ಎಸೆಯದೆ ಇಲ್ಲ ಎಂದಷ್ಟೇ ಹೇಳುತ್ತದೆ. ಆಗ ಆ ಆಬ್ಜೆಕ್ಟಿನ ಒಳಗೆ ಇಳಿಯದೆ ಅದರ ಟುಸ್ಟ್ರಿಂಗ್ ಬರೆದುಕೊಳ್ಳುತ್ತೇವೆ. ಬರೆಯುತ್ತ ಹೋದಂತೆ ನಾಚಿಕೆಯೂ ಆಯಿತು. ಲೋಕಲ್‌ಡೇಟಿನ ಒಳಗಿನ ವರ್ಷ, ತಿಂಗಳು, ದಿನ ಎಂಬ ಮೂರು ಫೀಲ್ಡುಗಳನ್ನು ಅಗೆದು ಬರೆಯುತ್ತಿದ್ದ ನಮ್ಮ ದಾಖಲೆಗಿಂತ ಅದರ ಟುಸ್ಟ್ರಿಂಗ್ ಕೊಡುವ ಒಂದು ಸಾಲಿನ ದಿನಾಂಕ ಎಷ್ಟೋ ಓದುವಂತಿತ್ತು. ಯಾರೂ ಕೇಳದ ಕೆಲಸಕ್ಕಾಗಿ ಇಷ್ಟು ವರ್ಷ ಬೇರೆಯವರ ಕೋಣೆಗೆ ನುಗ್ಗುತ್ತಿದ್ದೆವು.

ಪ್ರೈವೇಟ್ ಸದಸ್ಯವನ್ನು ನಿಜವಾಗಿಯೂ ಲಕ್ಷಾಂತರ ಸಲ ಮುಟ್ಟಬೇಕಾದ ಎರಡು ಜಾಗಗಳಲ್ಲಿ, ಅವು ನಮ್ಮದೇ ಕ್ಲಾಸುಗಳು, ಮೆಥಡ್‌ಹ್ಯಾಂಡಲ್ಸ್‌ನ ಪ್ರೈವೇಟ್‌ಲುಕಪ್‌ಇನ್ ಬಳಸಿದೆವು. ಅಲ್ಲಿ ತಪಾಸಣೆ ನಡೆಯುವುದು ಹಿಡಿಕೆ ಮಾಡಿಕೊಳ್ಳುವಾಗ ಒಂದೇ ಸಲ. ದೋಷವಿದ್ದರೆ ಕಾರ್ಯಕ್ರಮ ಏಳುವಾಗಲೇ ಬೀಳುತ್ತದೆ, ರಾತ್ರಿ ಹನ್ನೊಂದಕ್ಕಲ್ಲ.

ಆಡ್-ಓಪನ್ಸ್ ಸಾಲುಗಳು ಒಂದು ಹಂತದಲ್ಲಿ ಒಂಬತ್ತಕ್ಕೆ ಏರಿದ್ದವು. ಈಗ ಒಂದು ಉಳಿದಿದೆ. ಅದು ಬೇಕಾಗಿರುವುದು ಹಳೆಯ ಲೈಬ್ರರಿಯೊಂದಕ್ಕೆ, ಅದರ ಹೊಸ ಆವೃತ್ತಿ ಹಾಕುವ ಕೆಲಸ ಮುಂದಿನ ತಿಂಗಳ ಪಟ್ಟಿಯಲ್ಲಿದೆ.